ಮೂತಿ ಇದ್ದ ದೋಣಿ

ಹರಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಬಿದಿರು ಹೆಣೆದು ಚರ್ಮ ಹೊದಿಸಿದ ದೊಡ್ಡದೊಂದು ಬುಟ್ಟಿ ಅದು. ಭೀಮೆಯ ಸೆಳವಿನಲ್ಲಿ ತನಗೆ ತಿಳಿದಂತೆ ಬುಗುರಿಯಾಡುತ್ತ ಹೊಳೆ ದಾಟುತ್ತದೆ. ಈಚೆ ದಂಡೆಯಲ್ಲಿ ಅಫಜಲಪುರದ ಕಡೆ ಮುಖ ಮಾಡಿ ಕೂತವನು ನಡುಹೊಳೆಯಲ್ಲಿ ಜೇವರ್ಗಿಯ ಕಡೆ ನೋಡುತ್ತಾನೆ, ಆಚೆ ದಂಡೆ ಮುಟ್ಟುವಷ್ಟರಲ್ಲಿ ಮತ್ತೆ ತನ್ನೂರಿನ ಬೇವಿನ ಮರವನ್ನೇ ನೋಡುತ್ತಿರುತ್ತಾನೆ. ಪಾಟೀಲರಾಗಲಿ, ಕುರಿ ಕಾಯುವವರಾಗಲಿ, ಎಲ್ಲರೂ ಅಂಚಿಗೆ ದುಂಡಗೆ ಕೂಡಬೇಕು. ಎಲ್ಲರೂ ಸರದಿಯಂತೆ ಮುಂದಾಗಬೇಕು, ಸರದಿಯಂತೆ ಹಿಂದಾಗಬೇಕು. ಹೀಗಾಗಿ ನಮ್ಮೂರಿನಲ್ಲಿ ಉಳಿದೆಲ್ಲ ವಿಷಯಕ್ಕೂ ಜಗಳ ಆಗಿದ್ದರೂ ಹೊಳೆ ದಾಟುವ ವಿಷಯಕ್ಕೆ ಮಾತ್ರ ಎಂದೂ ಆಗಿರಲಿಲ್ಲ.

ಈ ಶಾಂತಿಗೆ ಕುತ್ತು ಬಂದದ್ದು ನಿಜಾಮರ ಮೊಗಲಾಯಿಯ ಕಾಲದಲ್ಲಿ, ದೊಡ್ಡ ಯುದ್ಧ ಶುರುವಾಗುವ ಒಂದೆರಡು ವರ್ಷ ಮೊದಲು. ಮೂತಿ ಇದ್ದ ದೋಣಿಯೊಂದು ಎತ್ತಿನ ಬಂಡಿಯ ಮೇಲೆ ಅಂಗಾತ ಮಲಗಿಕೊಂಡು ಊರಿಗೆ ಬಂತು.

ಹೊಳೆಯ ಆಳ ಅಳೆಯಲು ಹೈದರಾಬಾದಿನಿಂದ ಬಂದ ಇಂಜಿನಿಯರ ಸಾಹೇಬರ ದೋಣಿ ಅದು. ಹಿಂದಿನ ಹಲಗೆಗೆ ಸಿಕ್ಕಿಸುವ ಒಂದು ಮಿಶಿನ್ ಕೂಡ ಇತ್ತು. ಸಾಹೇಬರು ಅಳತೆ ಶುರು ಮಾಡುವ ಮೊದಲೇ ಜ್ವರ ಬಂದು ವಾಪಸು ಹೊರಟರು. ದೋಣಿಯನ್ನೂ ಮಿಶಿನ್ನನ್ನೂ ತಹಶೀಲ್ದಾರ ಗೌಸಮೊಹಿದ್ದೀನ ಸಾಹೇಬರ ವಶಕ್ಕೆ ಬಿಟ್ಟರು. ತಹಶೀಲ್ದಾರರಿಗೆ ಬಹಳ ದಿನದಿಂದ ಒಂದು ಕೊರಗಿತ್ತು. ಆಚೆ ದಂಡೆಯ ಅಧಿಕಾರಿಯನ್ನು ಕಾಣಲು ಹೋದಾಗಲೆಲ್ಲ ಹರಗೋಲು ಅವರನ್ನು ಬೆನ್ನು ಮುಂದಾಗಿ ದಂಡೆಗೆ ಮುಟ್ಟಿಸುತ್ತಿತ್ತು. ಸರ್ಕಾರ ಬೆನ್ನು ತೋರಿಸಿಕೊಂಡು ಇಳಿಯುವುದು ಅವರಿಗೆ ಸರಿ ಕಾಣುತ್ತಿರಲಿಲ್ಲ.

ಚಾವಡಿಯಲ್ಲಿ ಊರವರನ್ನು ಸೇರಿಸಿ ಕೇಳಿದರು: "ಈ ಊರಾಗ ಮಿಶಿನ್ ತಿಳಿದಾಂವ ಯಾರರೆ ಅದಾನೇನು?"

ಆಗ ಚಂದ್ರಾಮ ಕೆಮ್ಮಿದ.

ಬೀಡಿಯ ಹೊಗೆ ಗಂಟಲಿಗೆ ಸಿಕ್ಕಿ ಬಂದ ಕೆಮ್ಮು ಅದು. ಆದರೆ ಇಡೀ ಚಾವಡಿ ತಿರುಗಿ ನೋಡಿತು. ಚಂದ್ರಾಮ ಸೊಲ್ಲಾಪುರದ ಗಿರಣಿಯಲ್ಲಿ ಇದ್ದು ಬಂದವನು, ಮಿಶಿನ್ನಿನ ಜೊತೆ ಕೆಲಸ ಮಾಡಿದವನು ಎಂಬುದು ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಅವನೇ ಊರಿಗೆಲ್ಲ ಹೇಳಿದ್ದ. ನಿಜವಾಗಿ ಅವನು ಅಲ್ಲಿ ಮಾಡಿದ್ದು ಹತ್ತಿಯ ಅಂಡಿಗೆಗಳನ್ನು ಬಂಡಿಯಿಂದ ಗೇಟಿನ ತನಕ ಹೊರುವ ಕೆಲಸ. ಇಂಜಿನ್ನಿನ ಸದ್ದನ್ನು ಗೋಡೆಯ ಹೊರಗಿನಿಂದ ಕೇಳಿದ್ದ. ಆದರೆ ದಿನಾಲು ಕೇಳಿದ್ದ.

"ನಿನಗ ಮಿಶಿನ್ ಬರ್ತದೇನು?" ತಹಶೀಲ್ದಾರರು ಕೇಳಿದರು.

"ಸೊಲ್ಲಾಪುರದಾಗ ಮಿಶಿನ್ ಸಂಗಾಟನೇ ಇದ್ದೆರಿ, ಸಾಹೇಬ್ರ."

"ಎಂಥಾ ಮಿಶಿನ್?"

ಚಂದ್ರಾಮ ಸ್ವಲ್ಪ ಯೋಚಿಸಿ ಹೇಳಿದ: "ದೊಡ್ಡದರಿ."

ಅಷ್ಟು ಸಾಕಾಯಿತು. ತಹಶೀಲ್ದಾರರು ತಮ್ಮ ಚಪರಾಸಿಯ ಸೊಂಟ ತೋರಿಸಿದರು. ಹಿತ್ತಾಳೆಯ ಬಿಲ್ಲೆ ಹಚ್ಚಿದ ಕೆಂಪು ಪಟ್ಟಾ ಅಲ್ಲಿ ಹೊಳೆಯುತ್ತಿತ್ತು. "ನನ್ನ ನೆಟ್ಟಗ, ಮಾರಿ ಮುಂದಾಗಿ, ಆಚಿ ದಂಡಿಗಿ ಒಯ್ದಿ ಅಂದ್ರ ಇಂಥಾದೇ ಒಂದು ಪಟ್ಟಾ ನಿಂದು."

ಇಂಜಿನಿಯರರ ಡ್ರೈವರನು ಹೊರಡುವ ಮೊದಲು ಚಂದ್ರಾಮನಿಗೆ ಎಲ್ಲ ತೋರಿಸಿಕೊಟ್ಟ. ಮಿಶಿನ್ನಿನ ತಲೆ ಮೇಲಿರುತ್ತದೆ, ಕಾಲು ನೀರಿಗಿಳಿಯುತ್ತದೆ, ಕಾಲಿನ ತುದಿಗೆ ಪಂಖ. ಹಗ್ಗ ಸುತ್ತಿ ಎಳೆದರೆ ಪಂಖ ತಿರುಗುತ್ತದೆ, ಹಿಡಿಕೆ ಜಗ್ಗಿದರೆ ದೋಣಿ ಹೊರಳುತ್ತದೆ, ಗುಂಡಿ ಒತ್ತಿದರೆ ಮಿಶಿನ್ ನಿಲ್ಲುತ್ತದೆ. ಇಷ್ಟು ಸುಲಭ. ಮುಖ್ಯವಾದದ್ದು ಪಕ್ಕದ ಕಬ್ಬಿಣದ ಪಟ್ಟಿಯಲ್ಲಿದ್ದ ನಾಲ್ಕು ತೂತು ಮತ್ತು ಅವುಗಳಿಗೆ ಹಾಕುವ ಒಂದು ಕೀಲು. ಕೀಲು ಯಾವ ತೂತಿನಲ್ಲಿದೆಯೋ ಅದರಂತೆ ಮಿಶಿನ್ನಿನ ಕಾಲು ದೋಣಿಗೆ ಹತ್ತಿರ ನಿಲ್ಲುತ್ತದೆ ಅಥವಾ ದೂರ ಚಾಚುತ್ತದೆ. ಒಂದರಲ್ಲಿ ದೋಣಿಯ ಮೂತಿ ಏಳುತ್ತದೆ, ಇನ್ನೊಂದರಲ್ಲಿ ಬೀಳುತ್ತದೆ. ದೋಣಿಯಲ್ಲಿ ಭಾರ ಎಲ್ಲಿ ಕೂತಿದೆ ನೋಡಿ ಕೀಲು ಹಾಕಬೇಕು. ಯಾವುದರಲ್ಲಿ ಏಳುತ್ತದೆ, ಯಾವುದರಲ್ಲಿ ಬೀಳುತ್ತದೆ ಎಂಬುದನ್ನೂ ಡ್ರೈವರನು ಸ್ಪಷ್ಟವಾಗಿ ಹೇಳಿದ. ಆದರೆ ಆ ಹೊತ್ತಿಗೆ ಚಂದ್ರಾಮ, ಪಟ್ಟಾವನ್ನು ಧೋತರದ ಮೇಲೆ ಕಟ್ಟುವುದೋ ಅಂಗಿಯ ಮೇಲೆ ಕಟ್ಟುವುದೋ ಎಂದು ನೋಡುತ್ತಿದ್ದ.

"ತಿಳೀತೇನು?"

"ಏನ್ ಕೇಳ್ತೀರಿ! ಸೊಲ್ಲಾಪುರದಾಗ ಇದರ ಅಪ್ಪನ್ನ ನೋಡೀನಿ."

ಅಂಗಿಯ ಮೇಲೆ ಎಂದು ಅಷ್ಟರಲ್ಲಿ ತೀರ್ಮಾನವಾಗಿತ್ತು.

*

ಹಿಂಗಾರಿ ಬಿತ್ತನೆಯ ಹದ ಬಂದಿತ್ತು. ಊರಿನ ಕೂರಿಗೆಗಳೆಲ್ಲ ಹೊಲ ಸೇರಿದ್ದವು. ಚಂದ್ರಾಮನ ಎತ್ತುಗಳು ಮಾತ್ರ ಕೊಟ್ಟಿಗೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದವು, ಒಡೆಯ ಹೊಳೆದಂಡೆಯಲ್ಲಿ ಮಿಶಿನ್ನಿನ ಎದುರು ಕೂತು ಅದನ್ನು ಒರೆಸುತ್ತಿದ್ದ.

ಅವನ ಹೆಂಡತಿ ಗುರುಬಾಯಿ ಇದನ್ನೂ ಸಹಿಸಿದಳು. ಗಟ್ಟಿ ಹೆಂಗಸು ಆಕೆ. ಮದುವೆಯ ದಿನ, ಒಡಪು ಹಾಕಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುತ್ತೇವೆ ಎಂದು ಹೆಂಗಸರು ಬಾಗಿಲಲ್ಲಿ ತಡೆದಾಗ ಬಾಯಿ ಬಿಡದೆ ಹೊಸ್ತಿಲಲ್ಲೇ ನಿಂತವಳು. ಕಡೆಗೆ ಹಸಿವು ತಾಳದೆ ಹೆಂಗಸರೇ ದಾರಿ ಬಿಟ್ಟರು. ಹೆಂಡತಿಯ ಬಾಯಲ್ಲಿ ಹೆಸರು ಬಂದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ಆಕೆಯ ಅಜ್ಜಿ ಹೇಳಿದ್ದಳು. ಅಂದಿನಿಂದ ಇಂದಿನವರೆಗೆ ಗುರುಬಾಯಿ ಗಂಡನ ಹೆಸರೆತ್ತಿದವಳಲ್ಲ. ಆಕಾಶದ ಚಂದ್ರನನ್ನು ಕೂಡ "ಮ್ಯಾಲಿನ ರೊಟ್ಟಿ" ಎನ್ನುತ್ತಿದ್ದಳು.

ಇಂಥವಳ ತಾಳ್ಮೆ ಹರಿದದ್ದು ಎಣ್ಣೆಯ ಗಡಿಗೆ ಖಾಲಿಯಾದಾಗ. ಸೊಲ್ಲಾಪುರದ ಗೇಟಿನಲ್ಲಿ, ಎಣ್ಣೆಯ ಡಬ್ಬಿ ಹಿಡಿದವರು ಒಳಗೆ ಹೋಗಿ ಬರುವುದನ್ನು ಚಂದ್ರಾಮ ನೋಡಿದ್ದ. ಮಿಶಿನ್ನಿಗೆ ಎಣ್ಣೆ ಬೇಕು ಎಂಬುದು ಅವನಿಗೆ ಖಚಿತವಾಗಿ ಗೊತ್ತಿದ್ದ ಒಂದೇ ಸಂಗತಿ. ಶೀಗಿ ಹುಣ್ಣಿಮೆಗೆಂದು ಗುರುಬಾಯಿ ಮುಚ್ಚಿಟ್ಟಿದ್ದ ಕುಸುಬಿ ಎಣ್ಣೆಯನ್ನು ಅವನು ಮಿಶಿನ್ನಿಗೆ ತಲೆಯಿಂದ ಕಾಲಿನವರೆಗೆ ಹಚ್ಚಿದ. ಎಣ್ಣೆ ಹಚ್ಚಿದ ಪೈಲವಾನನಂತೆ ಮಿಶಿನ್ ಮಿರಿಮಿರಿ ಮಿಂಚಿತು.

ಗುರುಬಾಯಿ ಖಾಲಿ ಗಡಿಗೆಯನ್ನು ಬೋರಲು ಹಾಕಿ, ಸೀರೆಯ ಗಂಟು ಕಟ್ಟಿದಳು.

"ಎಲ್ಲಿಗಿ?" ಎಂದ ಚಂದ್ರಾಮ.

"ತವರಿಗಿ. ಕೊಳಕೂರಿಗಿ."

"ಯಾವಾಗ ಬರ್ತಿ?"

ಆಕೆ ಹೊಳೆದಂಡೆಗೆ ನಡೆದು, ಹರಗೋಲು ನಡೆಸುವ ರಾಜೇಸಾಬನ ಎದುರಿಗೆ, ನೀರಿಗೆ ಬಂದಿದ್ದ ಹೆಂಗಸರ ಎದುರಿಗೆ ಹೇಳಿದಳು: "ಮಿಶಿನ್ ಬರ್ತದ ಅಂತ ಊರಿಗೆಲ್ಲ ಸಾರೀರಿ. ಅದರಾಗೇ ಬಂದು ಕರಕೊಂಡ್ ಹೋಗ್ರಿ. ಹರಗೋಲದಾಗ ಬಂದ್ರ ನಾ ಬರಂಗಿಲ್ಲ. ನೀರಿನ ಮ್ಯಾಲ ನಡಕೊಂಡ್ ಬಂದ್ರೂ ಬರಂಗಿಲ್ಲ."

ಹರಗೋಲು ಹೊರಟಿತು. ಗುರುಬಾಯಿ ಬೆನ್ನು ತಿರುಗಿಸಿಯೇ ಕೂತಿದ್ದಳು, ಆದರೆ ಹರಗೋಲು ತಿರುಗಿ ತಿರುಗಿ ಆಕೆಯ ಮುಖವನ್ನು ಗಂಡನ ಕಡೆಗೆ ತರುತ್ತಿತ್ತು. ಪ್ರತಿ ಸಲವೂ ಆಕೆ ಸರಿದು ಮತ್ತೆ ಬೆನ್ನು ತೋರಿಸುತ್ತಿದ್ದಳು. ರಾಜೇಸಾಬ ಹೇಳುವಂತೆ, ಹೊಳೆ ದಾಟುವಷ್ಟರಲ್ಲಿ ಆಕೆ ಹರಗೋಲಿನ ಅಂಚನ್ನೆಲ್ಲ ಒಂದು ಸುತ್ತು ಕೂತು ಮುಗಿಸಿದ್ದಳು.

ಮರುದಿನದಿಂದ ಚಂದ್ರಾಮನಿಗೆ ನೆರೆಮನೆಯ ನಿಂಬೆವ್ವನ ರೊಟ್ಟಿಯೇ ಗತಿಯಾಯಿತು. ಆಕೆ ರೊಟ್ಟಿಯೊಂದಿಗೆ ಪಲ್ಲೆ ಕೊಡದಿದ್ದರೂ ಮಾತು ಕೊಡುತ್ತಿದ್ದಳು. "ತಿನ್ನಪಾ ತಿನ್ನು. ಎಣ್ಣಿ ಬೇಕಾದ್ರ ಹೋಗಿ ನಿನ್ನ ಮಿಶಿನ್ನಿಗಿ ವರಸ್ಕೊಂಡ್ ಬಾ."

*

ಮೊದಲ ಪರೀಕ್ಷೆಗೆ ಊರಿಗೆ ಊರೇ ದಂಡೆಗೆ ಬಂತು. ಆಚೆ ದಂಡೆಯಲ್ಲೂ ಮಂದಿ ಇದ್ದರು. ಗುರುಬಾಯಿಯ ತಮ್ಮ ಮಾಳಿಂಗಪ್ಪನ ಹೊಲ ಹೊಳೆಗೆ ಹತ್ತಿಯೇ ಇತ್ತು. ಬಿತ್ತನೆ ನಿಲ್ಲಿಸಿ ಅವನೂ ನಿಂತಿದ್ದ. ಅವನ ಪಕ್ಕದಲ್ಲಿ ಕಾಣುವ ಹಸಿರು ಸೀರೆ ಯಾರದೆಂದು ಚಂದ್ರಾಮನಿಗೆ ತಿಳಿಯಿತು. ಅಂಗಿಯ ಗುಂಡಿ ಹಾಕಿಕೊಂಡ.

ಹಗ್ಗ ಎಳೆದ, ಎಳೆದ, ಎಣ್ಣೆಗೆ ಕೈ ಜಾರಿ ಒಮ್ಮೆ ಅಂಗಾತ ಬಿದ್ದ, ಎದ್ದು ಮತ್ತೆ ಎಳೆದ. ಮಿಶಿನ್ ಒಮ್ಮೆಲೇ ಹೊತ್ತಿಕೊಂಡು ಅರಚತೊಡಗಿತು. ಕಾದಂತೆ ಅದರ ಮೈಗೆ ಹಚ್ಚಿದ ಕುಸುಬಿ ಎಣ್ಣೆಯೂ ಕಾಯ್ದು, ಹೊಳೆಯ ಮೇಲೆಲ್ಲ ಭಜಿ ಕರಿದ ವಾಸನೆ ಹಬ್ಬಿತು. ಊರಿನ ನಾಯಿಗಳು ದಂಡೆಗೆ ಬಂದು ಸಾಲಾಗಿ ಕೂತವು.

ದೋಣಿ ಹೊರಟಿತು. ಚಂದ್ರಾಮ ಹಿಂದೆ ಕೂತಿದ್ದ, ಮಿಶಿನ್ ಅವನ ಬೆನ್ನಿಗಿತ್ತು, ಮುಂದೆ ಯಾರೂ ಇರಲಿಲ್ಲ. ವೇಗ ಏರಿದಂತೆ ದೋಣಿಯ ಮೂತಿ ನಿಧಾನವಾಗಿ ನೀರು ಬಿಟ್ಟು ಮೇಲೆದ್ದಿತು. ಹಠ ಹಿಡಿದ ಕುದುರೆ ಮುಂಗಾಲು ಎತ್ತಿದಂತೆ. ಚಂದ್ರಾಮನಿಗೆ ಹೊಳೆ ಕಾಣಲಿಲ್ಲ, ದಂಡೆ ಕಾಣಲಿಲ್ಲ; ದೋಣಿಯ ಹೊಟ್ಟೆ ಮತ್ತು ಅದರ ಮೇಲೆ ಸ್ವಲ್ಪ ಆಕಾಶ ಕಂಡವು.

"ಯವ್ವಾ, ಇಂವ ಹೊಳಿ ದಾಟಾಕತ್ತಾನೋ, ಮ್ಯಾಲ ಹೊಂಟಾನೋ?" ಎಂದಳು ನಿಂಬೆವ್ವ.

ದೋಣಿ ದೊಡ್ಡದೊಂದು ಸುತ್ತು ಹೊಡೆದು ಬಂದು ಹೊರಟಲ್ಲಿಯೇ ಉಸುಕಿಗೆ ಹೊಕ್ಕಿತು. ಚಂದ್ರಾಮ ಇಳಿದು, ಇದೆಲ್ಲ ತಾನು ಬೇಕೆಂದೇ ಮಾಡಿದ್ದು ಎಂಬಂತೆ ಕೈ ಝಾಡಿಸಿಕೊಂಡ.

"ಮೂತಿ ಮ್ಯಾಲಾತು," ಎಂದ ರಾಜೇಸಾಬ.

"ಗೊತ್ತದ. ಕೀಲು ಬದಲಿ ಮಾಡ್ಬೇಕು."

ಮಿಶಿನ್ನನ್ನು ದಿಟ್ಟಿಸಿದ. ತಲೆ ಮೇಲೆ, ಕಾಲು ಕೆಳಗೆ. ಇದು ನೇಗಿಲಲ್ಲದೆ ಮತ್ತೇನು? ಹುಟ್ಟಿದಾಗಿನಿಂದ ನೇಗಿಲು ಹಿಡಿದ ಕೈ ಅವನದು. ನೇಗಿಲ ಮೂತಿ ನೆಲ ಬಿಟ್ಟು ಎದ್ದರೆ ಮೇಳಿಯನ್ನು ಹಿಡಿದು ಮುಂದಕ್ಕೆ ನೂಕಬೇಕು. ಮೂತಿ ತಾನಾಗಿ ಮಣ್ಣಿಗಿಳಿಯುತ್ತದೆ. ಹಾಗಾದರೆ ಮಿಶಿನ್ನಿನ ತಲೆಯನ್ನು ಮುಂದಕ್ಕೆ ನೂಕಿದರೆ ದೋಣಿಯ ಮೂತಿ ನೀರಿಗಿಳಿಯಬೇಕು. ತಲೆ ಮುಂದಕ್ಕೆ ಬರುವಂತೆ, ಕಾಲು ಹಿಂದಕ್ಕೆ ದೂರ ಚಾಚುವಂತೆ, ಕೀಲನ್ನು ಎಲ್ಲಕ್ಕಿಂತ ಹೊರಗಿನ ತೂತಿಗೆ ಹಾಕಿದ. ಇಷ್ಟು ಸರಿಯಾಗಿ ಯೋಚಿಸಿ ಇಷ್ಟು ತಪ್ಪಾದ ತೂತನ್ನು ಯಾರೂ ಆರಿಸಿರಲಾರರು. ನೀರು ಮಣ್ಣಲ್ಲ ಎಂಬ ಒಂದು ವಿಷಯವನ್ನು ಬಿಟ್ಟು ಉಳಿದೆಲ್ಲವನ್ನೂ ಅವನು ಲೆಕ್ಕಕ್ಕೆ ತೆಗೆದುಕೊಂಡಿದ್ದ.

ಈ ಸಲ ದೋಣಿ ಹೆಚ್ಚುಕಡಿಮೆ ನೆಟ್ಟಗೆ ನಿಂತುಕೊಂಡಿತು. ಹಿಂದಿನ ಹಲಗೆಯ ಮೇಲಿಂದ ನೀರು ಒಳಗೆ ಬಂದು ಚಂದ್ರಾಮನನ್ನು ಸೊಂಟದ ತನಕ ನೆನೆಸಿತು. ಮೂತಿ ಏಳುವುದು, ನೀರಿಗೆ ರಪ್ಪನೆ ಬಡಿಯುವುದು, ಮತ್ತೆ ಏಳುವುದು: ದಂಡೆಯ ಮೇಲಿನವರಿಗೆ ದೊಡ್ಡದೊಂದು ಮೀನು ಯಾರಿಗೋ ನಮಸ್ಕಾರ ಮಾಡುತ್ತ ಹೋದಂತೆ ಕಂಡಿತು.

"ಆಚಿ ದಂಡಿಯಾಗ ಏನಂದ್ಲು?" ಉಸುಕಿನಲ್ಲಿ ಕೂತು ಉಸಿರು ಬಿಡುತ್ತ ಚಂದ್ರಾಮ ಕೇಳಿದ.

"ಏನೂ ಅನ್ಲಿಲ್ಲ," ಎಂದ ರಾಜೇಸಾಬ. "ಸೆರಗ ಬಾಯಿಗಿ ಹಿಡ್ಕೊಂಡು ಬೆನ್ನ ತಿರುವಿ ನಿಂತ್ಲು."

"ಅಳಾಕತ್ತಿದ್ಲೇನು?"

ರಾಜೇಸಾಬ ಒಳ್ಳೆಯ ಮನುಷ್ಯ. "ಹೌದು ಅನ್ನು," ಎಂದ.

*

ರಾಜೇಸಾಬನೇ ಒಂದು ಉಪಾಯವನ್ನೂ ಹೇಳಿದ. ಹರಗೋಲು ಅಲುಗದೆ ಹೋಗುವುದು ಸುತ್ತಲೂ ಮಂದಿ ಕೂತಿರುವುದರಿಂದ. ಈ ದೋಣಿಗೂ ಮುಂದೆ ಯಾರನ್ನಾದರೂ ಕೂಡಿಸಬೇಕು.

ಆ ಮಾತು ಬಾಯಿಂದ ಬಂದದ್ದೇ ತಡ, ನಮ್ಮೂರಿನ ಶಾಂತಿ ಮುಗಿಯಿತು. ಮುಂದೆ ಯಾರು?

ಪೊಲೀಸ ಪಾಟೀಲ ಬಸವಂತರಾಯರು ಹೊಸದಾಗಿ ತೊಳೆದ ಪಟಕಾ ತಲೆಗೆ ಸುತ್ತಿಕೊಂಡು ಬಂದೇ ಬಿಟ್ಟಿದ್ದರು. "ಮದುವಿ ಮೆರವಣಿಗ್ಯಾಗ ಮುಂದ ಯಾರು? ನಾವು. ಊರೊಳಗ ಸಾಹೇಬ್ರು ಬಂದ್ರ ಎದುರಿಗಿ ಮುಂದ ಹೋಗೋರು ಯಾರು? ನಾವು. ಹೊಳಿ ಊರಿನದಽ ಹೌದೋ ಅಲ್ಲೋ? ಇಲ್ಲೂ ಮುಂದ ನಾವು."

"ಊರು ನಿಮ್ದು, ಪಾಟೀಲ್ರ," ಎಂದರು ತಹಶೀಲ್ದಾರರು. "ದೋಣಿ ಸರ್ಕಾರದ್ದು. ಸರ್ಕಾರ ಪಾಟೀಲರ ಬೆನ್ನಿಗಿ ಕೂಡೋದು ಎಲ್ಲರೆ ಕೇಳೀರೇನು?"

"ಸಾಹೇಬ್ರು ನಡು ಕೂಡ್ರಿ. ನಡುವಿನ ಜಾಗಾ ಗಾದಿ ಇದ್ದಂಗ."

"ಅಷ್ಟು ಛಲೋ ಇದ್ರ ನೀವೇ ಕೂಡ್ರಿ."

ಬಹಳ ಹೊತ್ತಿನ ಮೇಲೆ ಇಬ್ಬರೂ ಮುಂದೆ ಕೂಡುವುದೆಂದು ಗೊತ್ತಾಯಿತು. ಮುಂದಿನ ಹಲಗೆ ಒಬ್ಬ ಸಣ್ಣ ಮನುಷ್ಯನಿಗೆಂದು ಮಾಡಿದ್ದು. ಪಾಟೀಲರೂ ಸಣ್ಣವರಲ್ಲ, ಸರ್ಕಾರವೂ ಸಣ್ಣದಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು, ತಾವು ಹಿಡಿದುಕೊಂಡಿಲ್ಲ ಎಂಬಂತೆ ಮುಖ ಮಾಡಿ, ಕೂತರು.

ಚಂದ್ರಾಮ ಮಾತ್ರ ಈ ಸಲ ಗಟ್ಟಿ ಧೈರ್ಯದಲ್ಲಿದ್ದ. ಹೊರಗಿನ ತೂತು ಮೂತಿ ಎತ್ತುತ್ತದೆ ಎಂದು ಈಗ ಅವನಿಗೆ ತಿಳಿದಿತ್ತು. ಆದ್ದರಿಂದ ಎಲ್ಲಕ್ಕಿಂತ ಒಳಗಿನ ತೂತಿಗೆ ಕೀಲು ಹಾಕಿದ. ಒಂದು ತಪ್ಪಿನಿಂದ ಪಾಠ ಕಲಿತ ಮನುಷ್ಯ ಇನ್ನೊಂದು ತಪ್ಪಿಗೆ ಹೋಗುವಾಗ ಇರುವಷ್ಟು ನಂಬಿಕೆ ಮತ್ತಾವಾಗಲೂ ಇರುವುದಿಲ್ಲ.

ಮಿಶಿನ್ ಅರಚಿತು. ದೋಣಿ ಮೂತಿ ತಗ್ಗಿಸಿತು. ಈಗ ಅದು ನಿಜವಾಗಿಯೂ ನೇಗಿಲಾಯಿತು. ಭೀಮೆಯನ್ನು ಉಳುತ್ತ, ಎಡಕ್ಕೂ ಬಲಕ್ಕೂ ನೀರಿನ ಹೆಂಟೆ ಎಬ್ಬಿಸುತ್ತ, ತನ್ನ ಮೂಗನ್ನು ಇನ್ನೂ ಆಳಕ್ಕೆ ಇಳಿಸುತ್ತ ನಡೆಯಿತು.

"ನಿಲ್ಲಸಲೇ!" ಎಂದರು ಪಾಟೀಲರು.

"ರೋಕೋ! ರೋಕೋ ರೇ!" ಎಂದರು ತಹಶೀಲ್ದಾರರು.

ಮಿಶಿನ್ನಿನ ಸದ್ದಿನಲ್ಲಿ ಚಂದ್ರಾಮನಿಗೆ ಏನೂ ಕೇಳಲಿಲ್ಲ. ದೊಡ್ಡವರಿಬ್ಬರೂ ಕೈ ಎತ್ತಿ ಎತ್ತಿ ಏನೋ ಹೇಳುತ್ತಿದ್ದರು. ಸಂತೋಷಕ್ಕೆ ಎಂದುಕೊಂಡು ವೇಗ ಹೆಚ್ಚಿಸಿದ.

ಮುಂದೆ ಆದದ್ದನ್ನು ಊರವರು ಇವತ್ತಿಗೂ ಬೇರೆ ಬೇರೆಯಾಗಿ ಹೇಳುತ್ತಾರೆ. ಎಲ್ಲರೂ ಒಪ್ಪುವ ಮಾತು ಇಷ್ಟು: ಮೊದಲು ಪಟಕಾ ತೊಯ್ದಿತು, ಆಮೇಲೆ ಸಾಹೇಬರ ಕೆಂಪು ರೂಮಿ ಟೋಪಿ ನೀರಿಗೆ ಬಿದ್ದು ತನ್ನಷ್ಟಕ್ಕೆ ತಾನೇ ಆಚೆ ದಂಡೆಯ ಕಡೆ ಹೊರಟಿತು, ಆಮೇಲೆ ಸರ್ಕಾರ ಮತ್ತು ಊರು ಎರಡೂ ಎದೆಯ ತನಕ ನೀರಿನಲ್ಲಿ ನಿಂತವು. ರಾಜೇಸಾಬನ ಹರಗೋಲು ಬಂದು, ದೋಣಿಗೆ ಹಗ್ಗ ಬಿಗಿದು, ಎಲ್ಲರನ್ನೂ ಎತ್ತಿಕೊಂಡಿತು. ಅದರಲ್ಲಿ ಎಲ್ಲರೂ ದುಂಡಗೆ ಕೂತರು. ಯಾರೂ ಮುಂದೆ ಎಲ್ಲಿ ಎಂದು ಕೇಳಲಿಲ್ಲ.

ದಂಡೆಯಲ್ಲಿ ತಹಶೀಲ್ದಾರರು ಶೇರವಾನಿ ಹಿಂಡುತ್ತ ಕೇಳಿದರು: "ಕ್ಯಾ ರೇ! ಸೊಲ್ಲಾಪುರದಾಗ ಹಿಂಗಽ ನಡಸ್ತಿದ್ದೇನು?"

ಚಂದ್ರಾಮ ಕೈ ಜೋಡಿಸಿದ. "ಸಾಹೇಬ್ರ, ತಪ್ಪು ಮಿಶಿನ್ದಲ್ರಿ. ಮುಂದಿನ ಕಡಿ ಮಾನ ಜಾಸ್ತಿ ಆತು."

ತಹಶೀಲ್ದಾರರು ಪಾಟೀಲರ ಗಾತ್ರವನ್ನು ನೋಡಿದರು, ಪಾಟೀಲರು ತಹಶೀಲ್ದಾರರ ಗಾತ್ರವನ್ನು ನೋಡಿದರು. ಇಬ್ಬರಿಗೂ ಆ ಮಾತು ಅರ್ಧದಷ್ಟು ನಿಜ ಅನ್ನಿಸಿತು.

"ನಾಳೆ ಒಂದಿನ ನೋಡ್ತೇನಿ," ಎಂದರು ಸಾಹೇಬರು. "ದೋಣಿ ಸೀದಾ ಹೋತು, ಪಟ್ಟಾ ನಿಂದು. ಇಲ್ಲಂದ್ರ ದೋಣಿ ಹೈದರಾಬಾದಿಗಿ, ನೀನು ಹೊಲಕ್ಕ."

ಚಂದ್ರಾಮನಿಗೆ ಪಟ್ಟಾದ ಯೋಚನೆ ಆಗ ಬರಲೇ ಇಲ್ಲ. ದೋಣಿ ಬಂಡಿ ಹತ್ತಿ ಹೋಯಿತೆಂದರೆ ಗುರುಬಾಯಿಯನ್ನು ತರುವುದು ಯಾವುದರಲ್ಲಿ? ಹತ್ತು ಮಂದಿಯ ಎದುರಿಗೆ ಆಡಿದ ಮಾತಿಗೆ ಆಕೆ ಹೇಗೆ ನಿಲ್ಲುತ್ತಾಳೆ ಎಂಬುದನ್ನು ಮದುವೆಯ ದಿನ ಹೊಸ್ತಿಲಲ್ಲಿ ನೋಡಿದ್ದವನು ಅವನು. ನಿಂಬೆವ್ವನ ರೊಟ್ಟಿ ಮತ್ತು ನಿಂಬೆವ್ವನ ಮಾತು ಜೀವ ಇರುವ ತನಕ ತಿನ್ನಬೇಕಾದ ಪ್ರಸಂಗ ಕಣ್ಣೆದುರು ನಿಂತಿತು.

*

ಮರುದಿನ ಮುಂಜಾನೆ ಯಾರಿಗೂ ಹೇಳದೆ ದೋಣಿಗಿಳಿದ. ಒಳಗಿನ ತೂತು ಮುಳುಗಿಸುತ್ತದೆ, ಹೊರಗಿನದು ಎತ್ತಿ ನಿಲ್ಲಿಸುತ್ತದೆ. ಕೀಲನ್ನು ಎರಡನೆಯ ತೂತಿಗೆ ಹಾಕಿದ. ಮುಂದಿನ ಭಾರಕ್ಕೆಂದು ಹುಡುಗರು ಎತ್ತಿ ಪಂಥ ಕಟ್ಟುವ ಗುಂಡುಕಲ್ಲನ್ನು ತಂದು ಮೂತಿಯಲ್ಲಿಟ್ಟ. ದೋಣಿ ಹೊರಟಿದ್ದೇ, ಗುಂಡುಕಲ್ಲು ಗಡಗಡ ಉರುಳಿ ಬಂದು ಅವನ ಕಾಲಬುಡಕ್ಕೆ ಕೂತಿತು. ಮೂತಿ ಮತ್ತೆ ಆಕಾಶ ನೋಡಿತು. ಈಗ ನಿಲ್ಲಿಸುವ ಹಾಗಿರಲಿಲ್ಲ. ಮಿಶಿನ್ನಿನ ಅರಚಾಟಕ್ಕೆ ಊರೆಲ್ಲ ಎದ್ದು ಬಂದಾಗಿತ್ತು. ಎಡಗಡೆ ಒಮ್ಮೆ ಬಗ್ಗಿ, ಬಲಗಡೆ ಒಮ್ಮೆ ಬಗ್ಗಿ, ದಾರಿ ಇಣುಕುತ್ತ, ಹಾವಿನಂತೆ ಸಾಗಿ, ಆಚೆ ದಂಡೆಯ ಹೊಲದಂಚಿನ ಪುಂಡಿ ಗಿಡಗಳ ಸಾಲಿಗೆ ನುಗ್ಗಿ ನಿಂತ.

ಮಾಳಿಂಗಪ್ಪ ಬಾರುಕೋಲು ಹಿಡಿದು ಅಲ್ಲೇ ಇದ್ದ. "ಬರ್ರಿ ಮಾಂವ. ದಂಡಿ ಸಾಕಾಗ್ಲಿಲ್ಲಂತ ಹೊಲಕ್ಕಽ ಬಂದೀರಿ. ಬಿತ್ತಾಕ ಬಂದೀರೇನು?"

"ನಿಮ್ಮ ಅಕ್ಕನ್ನ ಕರೀಲಾಕ ಬಂದೇನಿ."

"ಆಕಿ ಮಿಶಿನ್ನಿನಾಗ ಬಂದ್ರಽ ಬರ್ತೇನಿ ಅಂದಾಳ."

"ಇದೇನು, ಎಮ್ಮಿ ಅನ್ನು?"

ಗುರುಬಾಯಿ ಹೊರಟೇ ನಿಂತಿದ್ದಳು. ಮಾತು ಎಂದರೆ ಮಾತು. ಮಿಶಿನ್ ಬಂತು, ಆಕೆ ಬಂದಳು. ಸಿಟ್ಟು ಇಳಿದಿತ್ತೆಂದು ಇದರ ಅರ್ಥವಲ್ಲ. ಕಂಕುಳಲ್ಲಿ ತವರಿನವರು ತುಂಬಿ ಕೊಟ್ಟ ಎಣ್ಣೆಯ ಗಡಿಗೆ ಇತ್ತು, ಅದರ ಬಾಯಿಗೆ ಎರಡು ಅರಿವೆ ಬಿಗಿದು ಕಟ್ಟಿತ್ತು. ದೋಣಿಯನ್ನೊಮ್ಮೆ, ಮಿಶಿನ್ನನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, ಮೂರಕ್ಕೂ ಎಷ್ಟು ದೂರ ಸಾಧ್ಯವೋ ಅಷ್ಟು ದೂರ ನಡೆದು, ದೋಣಿಯ ಮೂತಿಯ ತುತ್ತತುದಿಯಲ್ಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಚಂದ್ರಾಮ ಎದ್ದು ನಿಂತ. "ಏ, ಅಲ್ಲಿ ಕೂಡ್ರಬ್ಯಾಡಬೇ! ಅದು ಪಾಟೀಲ್ರು, ಸಾಹೇಬ್ರು ಕೂಡ್ರೂ ಜಾಗಾ. ಹೆಣ್ಮಕ್ಕಳು ಹಿಂದ ಕೂಡ್ರೋದು."

"ಹಿಂದ ನಿಮ್ಮ ಮಿಶಿನ್ ಅದ, ನೀವದೀರಿ. ಇಬ್ರೂ ಎಣ್ಣಿ ಕುಡಿಯೋರು."

"ಗಂಡನ ಮುಂದ ಹೆಂಡ್ತಿ ಕೂಡ್ರೋದಾ? ದಂಡಿ ಮ್ಯಾಗ ಮಂದಿ ಏನಂದಾರು?"

"ಇಷ್ಟ್ ದಿನ ಅಂದಿದ್ದಕಿಂತ ಹೆಚ್ಚೇನಂದಾರು? ಹಗ್ಗ ಎಳೀರಿ."

ಚಂದ್ರಾಮ ಗುಂಡುಕಲ್ಲನ್ನು ದಂಡೆಗೆ ಉರುಳಿಸಿ ಹಗ್ಗ ಎಳೆದ. ಮಿಶಿನ್ ಕೂಗಿತು. ಮೂತಿ ಏಳುತ್ತದೆಂದು ಚಂದ್ರಾಮ ಕಣ್ಣು ಮುಚ್ಚಿಕೊಂಡು ಹಲಗೆ ಹಿಡಿದ. ಏಳಲಿಲ್ಲ. ಬೀಳಲೂ ಇಲ್ಲ. ಕಣ್ಣು ಬಿಟ್ಟರೆ ಹೊಳೆ ಕಾಣುತ್ತಿತ್ತು! ಊರು, ಬೇವಿನ ಮರ, ನಾಯಿಗಳ ಸಾಲು, ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕಂಡವು. ಬಾಣಲೆಯಲ್ಲಿ ಬೆಣ್ಣೆ ಸರಿದಂತೆ ದೋಣಿ ನೀರಿನ ಮೇಲೆ ಸರಿಯುತ್ತಿತ್ತು. ಹೆಂಡತಿಯ ಸಿಟ್ಟು ಎಷ್ಟು ದೂರ ಕೂಡಬೇಕೋ ಅಷ್ಟೇ ದೂರ ಕೂತಿತ್ತು, ಕೀಲು ಸರಿಯಾದ ತೂತಿನಲ್ಲಿತ್ತು.

ಈಚೆ ದಂಡೆಯವರು ಮೊದಲು ನೋಡಿದ್ದು ದೋಣಿಯ ನಡೆಯನ್ನಲ್ಲ.

"ಅಯ್ಯಯ್ಯ, ಮುಂದ ಕುಂತಾಳ ನೋಡು!" ಎಂದಳು ನಿಂಬೆವ್ವ. "ಗಂಡನ್ನ ಬೆನ್ನಿಗಿ ಹಾಕ್ಕೊಂಡು ಬರಾಕತ್ತಾಳ!"

"ನಮ್ಮ ಜಾಗಾದಾಗ," ಎಂದರು ಪಾಟೀಲರು.

ತಹಶೀಲ್ದಾರರು ಮಾತ್ರ ಬೇರೆಯದನ್ನು ನೋಡಿದರು. "ಸೀದಾ! ಬಿಲ್ಕುಲ್ ಸೀದಾ!" ಎಂದು ಪಾಟೀಲರ ಬೆನ್ನಿಗೆ ಗುದ್ದಿದರು.

ನಡುಹೊಳೆಯಲ್ಲಿ ಎಮ್ಮೆಬಂಡೆ ಎಂಬ ಕಲ್ಲಿದೆ. ನೀರಿನಿಂದ ಬೆನ್ನಷ್ಟೇ ಹೊರಗೆ ಚಾಚಿ ಮಲಗಿದ ಎಮ್ಮೆಯಂತೆ ಕಾಣುತ್ತದೆ. ಹರಗೋಲು ಅದಕ್ಕೆ ತಾಗಿದರೆ ಉರುಳಿಕೊಂಡು ಪಕ್ಕಕ್ಕೆ ಹೋಗುತ್ತದೆ. ಮೂತಿ ಇದ್ದ ದೋಣಿಯ ಹಣೆಬರಹ ಹಾಗಲ್ಲ. ಚಂದ್ರಾಮ ಆ ಹೊತ್ತಿಗೆ ಬಗ್ಗಿ, ಎರಡನೆಯ ತೂತಿನಲ್ಲಿ ಕೂತ ಕೀಲನ್ನು ಮಗುವಿನ ಗಲ್ಲದಂತೆ ಸವರುತ್ತಿದ್ದ.

ಗುರುಬಾಯಿ ಬಂಡೆಯನ್ನು ನೋಡಿದಳು. "ಏನ್ರೀ!"

ಮಿಶಿನ್ನಿನ ಸದ್ದಿನಲ್ಲಿ ಕೇಳಲಿಲ್ಲ.

"ಏನ್ರೀ! ಕೇಳ್ರೀ ಇಲ್ಲಿ! ಅಯ್, ಇವ್ರಽ!"

ಚಂದ್ರಾಮ ತಲೆ ಎತ್ತಿದ. ಹೆಂಡತಿ ತಿರುಗಿ ಕೂತು ಕೈ ಬೀಸುತ್ತಿದ್ದಳು. ಮೆಚ್ಚಿದಳು ಎಂದುಕೊಂಡು ಅವನೂ ಕೈ ಬೀಸಿದ.

ಊರಿನಲ್ಲಿ "ಏನ್ರೀ" ಎಂಬ ಕೂಗಿಗೆ ಓಗೊಡುವ ಗಂಡಸರು ಎಷ್ಟೋ ಇದ್ದಾರೆ. ಅದು ಯಾರನ್ನೂ ಚುಚ್ಚಿ ಎಬ್ಬಿಸುವ ಮಾತಲ್ಲ. ಬಂಡೆ ಬರುತ್ತಿತ್ತು. ಹೆಸರು ಹೇಳಿದರೆ ಗಂಡನ ಆಯುಷ್ಯಕ್ಕೆ ಕುತ್ತು, ಹೇಳದಿದ್ದರೆ ಇಲ್ಲೇ ಮುಗಿಯಿತು. ಗುರುಬಾಯಿ ಗಡಿಗೆಯನ್ನು ಅವುಚಿಕೊಂಡು, ಇಷ್ಟು ವರ್ಷ ನುಂಗಿಟ್ಟುಕೊಂಡಿದ್ದ ಹೆಸರನ್ನು ಹೊಟ್ಟೆಯ ತಳದಿಂದ ಎಳೆದಳು.

ಆಕೆಯ ಬಾಯಿ "ಏನ್ರೀ"ಗೆ ತೆರೆಯುವ ಹಾಗೆ ತೆರೆಯಲಿಲ್ಲ ಎಂಬುದು ಚಂದ್ರಾಮನಿಗೆ ಕಂಡಿತು. ಆ ಬಾಯಲ್ಲಿ ಎಂದೂ ನೋಡದ ಆಕಾರವೊಂದು ಮೂಡುತ್ತಿತ್ತು. ಗಾಬರಿಗೆ ಹಿಡಿಕೆಯನ್ನು ಒಂದು ಕಡೆ ಜಗ್ಗಿದ, ಇನ್ನೊಂದು ಕೈಗೆ ಸಿಕ್ಕಿದ್ದನ್ನು ಒತ್ತಿದ. ಒತ್ತಿದ್ದು ಮಿಶಿನ್ ನಿಲ್ಲಿಸುವ ಗುಂಡಿ.

ಸದ್ದು ಒಮ್ಮೆಲೇ ನಿಂತಿತು. ಹೆಸರಿನ ಮೊದಲ ಅಕ್ಷರವಷ್ಟೇ ಅದರಲ್ಲಿ ಮುಳುಗಿತ್ತು. ಉಳಿದದ್ದೆಲ್ಲ ನಿಶ್ಶಬ್ದವಾದ ಹೊಳೆಯ ಮೇಲೆ, ಎರಡೂ ದಂಡೆಗೆ, ಎರಡೂ ತಾಲೂಕಿಗೆ ಕೇಳುವಂತೆ ಹೊರಟಿತು:

"...ದ್ರಾಮಾ! ಎಮ್ಮಿಬಂಡಿ ಬಂತಲ್ಲೋ ಮೂಳಾ!"

ದೋಣಿ ಬಂಡೆಯ ಮಗ್ಗುಲು ಸವರಿಕೊಂಡು ಮುಂದೆ ಜಾರಿತು. ಜಾರಿ, ನಿಂತಿತು.

ಗುರುಬಾಯಿ ಒಂದು ಕೈಯಲ್ಲಿ ಬಾಯಿ, ಒಂದು ಕೈಯಲ್ಲಿ ಗಡಿಗೆ ಮುಚ್ಚಿಕೊಂಡು ಗಂಡನನ್ನೇ ನೋಡುತ್ತಿದ್ದಳು. ಈಚೆ ದಂಡೆಯವರೆಲ್ಲ ಚಂದ್ರಾಮನನ್ನೇ ನೋಡುತ್ತಿದ್ದರು. ಚಂದ್ರಾಮ ಎದೆ ಮುಟ್ಟಿ ನೋಡಿಕೊಂಡ. ಕುತ್ತಿಗೆ ಮುಟ್ಟಿ ನೋಡಿಕೊಂಡ. ಒಮ್ಮೆ ಕೆಮ್ಮಿ ನೋಡಿದ.

"ಇನ್ನಾ ಕುಂತೇ ಅದಾನೇನು?" ದಂಡೆಯಿಂದ ನಿಂಬೆವ್ವನ ದನಿ ಬಂತು. ಅದರಲ್ಲಿ ಸಮಾಧಾನಕ್ಕಿಂತ ಬೇಸರವೇ ಹೆಚ್ಚಿತ್ತು ಎಂದು ರಾಜೇಸಾಬ ಹೇಳುತ್ತಾನೆ.

"ಏನೂ ಆಗಿಲ್ಲ," ಎಂದ ಚಂದ್ರಾಮ ಹೆಂಡತಿಗೆ, ಮೆಲ್ಲಗೆ. ಹಿಡಿಕೆ ನೆಟ್ಟಗೆ ಮಾಡಿಕೊಂಡು, "ಮೂಳಾ ಅನ್ನೋದು ಬ್ಯಾಡಾಗಿತ್ತು. ಹೆಸರು ಛಲೋ ಕೇಳಸ್ತು," ಎಂದ.

"ಸುಮ್ಮ ಹಗ್ಗ ಎಳೀರಿ," ಎಂದಳು ಗುರುಬಾಯಿ. ಆಕೆಯ ಕಿವಿಗಳು ಕೆಂಪಾಗಿದ್ದವು.

*

ಪಟ್ಟಾ ಬಂತು. ಅಂಗಿಯ ಮೇಲೆಯೇ ಕಟ್ಟಿದ್ದಾಯಿತು. ಎತ್ತುಗಳು ಹೊಲಕ್ಕೆ ಹೋದವು, ಜೋಳ ನೆಲಕ್ಕೆ ಬಿತ್ತು, ನಿಂಬೆವ್ವನ ರೊಟ್ಟಿ ನಿಂಬೆವ್ವನ ಮನೆಯಲ್ಲೇ ಉಳಿಯಿತು. ಮುಂದೆ ಒಂದು ಚೀಲ ಇಟ್ಟಿದ್ದರೆ ಸಾಕಾಗಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಇಡಬಹುದಿತ್ತು. ಆದರೆ ಚೀಲ ಬಂಡೆ ಬಂತು ಅನ್ನುವುದಿಲ್ಲ. ತಹಶೀಲ್ದಾರರಿಗೆ ಈ ವಿಷಯದಲ್ಲಿ ಸಂಶಯವೇ ಇರಲಿಲ್ಲ: ತಾವು ಆಚೆ ದಂಡೆಗೆ ಹೋಗುವ ದಿನ ಮುಂದೆ ಗುರುಬಾಯಿ, ನಡುವೆ ತಾವು, ಹಿಂದೆ ಚಂದ್ರಾಮ. ಮುಂದಿನ ಜಾಗದ ಮಾತನ್ನು ಪಾಟೀಲರು ಕೂಡ ಮತ್ತೆ ಎತ್ತಲಿಲ್ಲ.

ಸಾಹೇಬರು ಹೊರಟ ದಿನ ಗುರುಬಾಯಿ ಬಂದಳು, ತವರಿಗೆ ಮರಳಿ ಕೊಡಲು ಹೊಸ ಎಣ್ಣೆ ತುಂಬಿದ ಗಡಿಗೆ ಹಿಡಿದುಕೊಂಡು. ಬಂದವಳು ಗಂಡನ ಪಟ್ಟಾ ನೋಡಿದಳು, ಬಿಲ್ಲೆಯ ಮೇಲಿನ ಕಲೆಯನ್ನು ಸೆರಗಿನಿಂದ ಒರೆಸಿದಳು, ಮತ್ತು ನೆಟ್ಟಗೆ ಹಿಂದಕ್ಕೆ ಬಂದು ಅವನ ಮಗ್ಗುಲಲ್ಲಿ ಕೂತಳು.

ದೋಣಿ ದಂಡೆ ಬಿಟ್ಟಿತು. ಮೂತಿ ನಿಧಾನವಾಗಿ ಏಳತೊಡಗಿತು.

"ಅಮ್ಮಾ, ಮುಂದ ಕೂಡ್ರಿ," ಎಂದರು ತಹಶೀಲ್ದಾರರು, ಹಿಂದಕ್ಕೆ ಜಾರುತ್ತ.

"ಬ್ಯಾಡ್ರಿ ಸಾಹೇಬ್ರ. ಆವತ್ತು ಸಿಟ್ಟಿನಾಗ ಕುಂತಿದ್ದೆ. ಗಂಡನ ಬಲಕ್ಕ ಕೂಡ್ರೋದಽ ಛಂದ."

ಆಚೆ ದಂಡೆಯಲ್ಲಿ ಅಲ್ಲಿಯ ಅಧಿಕಾರಿ, ಅವರ ಚಪರಾಸಿಗಳು, ಹಾರ ಹಿಡಿದ ಮಂದಿ ಸಾಲಾಗಿ ನಿಂತಿದ್ದರು. ಮೂತಿ ಇನ್ನೂ ಏರಿತು. ತಹಶೀಲ್ದಾರರ ಟೋಪಿ ಜಾರಿತು. ಅವರು ಚಂದ್ರಾಮನ ಕಡೆ ನೋಡಿದ ನೋಟದಲ್ಲಿ ಪಟ್ಟಾ, ಹೈದರಾಬಾದು, ಹೊಲ, ಮೂರೂ ಇದ್ದವು.

ಚಂದ್ರಾಮ ಹೆಂಡತಿಯ ಮುಖ ನೋಡಿದ. ಅಷ್ಟು ಪ್ರಸನ್ನವಾದ ಮುಖವನ್ನು ಅವನು ಬಹಳ ದಿನದಿಂದ ನೋಡಿರಲಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ಮಿಶಿನ್ನಿನ ವೇಗ ಇಳಿಸಿದ. ಗಡಿಗೆಯ ಕಡೆ ಕೈ ಚಾಚಿದ.

"ಮಿಶಿನ್ ಯಾಕೋ ಒಣಗಿದಂಗ ಅನಸ್ತದ. ಒಂದೀಟು ಎಣ್ಣಿ ಕೊಡು."

ಗುರುಬಾಯಿ ಅವನನ್ನು ನೋಡಿದಳು, ಗಡಿಗೆಯನ್ನು ನೋಡಿದಳು. ಗಡಿಗೆಯನ್ನು ಎದೆಗವುಚಿಕೊಂಡು ಎದ್ದು, ಸರ್ಕಾರವನ್ನು ದಾಟಿ, ಮೂತಿಯ ತುತ್ತತುದಿಗೆ ಹೋಗಿ, ಬೆನ್ನು ತಿರುಗಿಸಿ ಕೂತಳು.

ಮೂತಿ ಇಳಿಯಿತು. ಚಂದ್ರಾಮ ಬಗ್ಗಿ ನೋಡಿದ. ಕೀಲು ಎರಡನೆಯ ತೂತಿನಲ್ಲಿತ್ತು. ವೇಗ ಏರಿಸಿದ. ತಹಶೀಲ್ದಾರರು ಟೋಪಿ ನೆಟ್ಟಗೆ ಮಾಡಿಕೊಂಡು ಮುಖವನ್ನು ಆಚೆ ದಂಡೆಗೆ ಹಿಡಿದರು.

ಸ್ವಲ್ಪ ಹೊತ್ತಿಗೆ ಮುಂದಿನಿಂದ, ತಿರುಗಿಯೂ ನೋಡದೆ ಕೂಗಿದ ದನಿ ಮಿಶಿನ್ನಿನ ಸದ್ದನ್ನು ಸೀಳಿಕೊಂಡು ಬಂತು:

"ಚಂದ್ರಾಮಾ, ಎಡಕ್ಕ!"

ಎಮ್ಮೆಬಂಡೆ ಇನ್ನೂ ಬಹಳ ದೂರವಿತ್ತು. ಚಂದ್ರಾಮ ಎಡಕ್ಕೆ ತಿರುಗಿಸಿದ.